ಇಂದಿನ ಧಮ್ಮ ಚಿಂತನೆ: ಅಸಲಿ ಉಡುಪು ಯಾವುದು?



ಈ ವಾರ ನಮ್ಮ ಬಳಗದಲ್ಲಿ ಬಂದ ಫೋಟೊ ಎಲ್ಲರೂ ನೋಡಿದ್ದೀರಿ. ಡಿಗ್ರಿ ಓದುವ ನಮ್ಮ ಹುಡುಗಿಯೊಬ್ಬಳು ಕಾಲೇಜಿನ ಕಾರ್ಯಕ್ರಮಕ್ಕೆ ಆರಿಸಿಕೊಂಡ ವೇಷ ಅದು. ಕೊರಳು ಮುಚ್ಚುವ ಕಪ್ಪು ಸ್ವೆಟರ್, ಕಾಲಿಗೆ ಅಂಟಿದ ಕಪ್ಪು ಟೈಟ್ಸ್, ಹಿಮ್ಮಡಿ ಇಲ್ಲದ ಚಪ್ಪಟೆ ಶೂ, ಓರೆ ಟೋಪಿ, ಕಣ್ಣಿಗೆ ದಪ್ಪ ಕಾಡಿಗೆ. ‘1950ರ ದಶಕದ ಅಮೆರಿಕದ ಬೀಟ್ನಿಕ್ ಹೆಣ್ಣುಮಕ್ಕಳ ಅಸಲಿ ಉಡುಪು ಇದೇ ಏನ್ರಿ ಟೀಚರ್? ಅವರೂ ಬೌದ್ಧರಂತೆ, ಖರೇನ?’ ಎಂದು ಕೇಳಿದ್ದಳು. ಒಬ್ಬರು ನಗುವ ಚಿತ್ರ ಹಾಕಿದರು. ಇನ್ನೊಬ್ಬರು ‘ಇದು ನಮ್ಮ ಸಂಸ್ಕೃತಿ ಅಲ್ಲ’ ಎಂದು ಬರೆದರು. ಯಾದಗಿರಿಯ ಬಿಸಿಲಿಗೆ ಉಣ್ಣೆ ಸ್ವೆಟರ್ ಹಾಕಿದರೆ ನೆಟ್ಟಗೆ ದವಾಖಾನೆಗೇ ಹೋಗಬೇಕಾದೀತು, ಅದು ಬೇರೆ ಮಾತು. ಆದರೆ ಪ್ರಶ್ನೆ ಚಲೋ ಇದೆ, ನಗೆಯಲ್ಲಿ ಕಳೆದುಹೋಗಬಾರದು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಹೆಣ್ಣುಮಕ್ಕಳಿಗೆ ‘ಇನ್ನು ಮನೆಗೆ ನಡೀರಿ’ ಎಂದು ಹೇಳಿದ ಕಾಲ ಅದು. 1947ರಲ್ಲಿ ಪ್ಯಾರಿಸಿನ ಡಿಯೋರ್ ತಂದ ಹೊಸ ಮಾದರಿ ಎಲ್ಲೆಡೆ ಹಬ್ಬಿತ್ತು. ನಡು ಬಿಗಿಯುವ ಒಳಪಟ್ಟಿ, ಗಜಗಟ್ಟಲೆ ಬಟ್ಟೆಯ ಅಗಲ ಲಂಗ, ಎತ್ತರದ ಹಿಮ್ಮಡಿ, ಸುರುಳಿ ಮಾಡಿಸಿದ ಕೂದಲು. ಇದನ್ನು ಒಲ್ಲೆನೆಂದ ಕೆಲವು ಹುಡುಗಿಯರು ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ನಾರ್ತ್ ಬೀಚಿನಲ್ಲಿ ಕವಿಗಳ ನಡುವೆ ಬದುಕಿದರು. ಅವರು ತೊಟ್ಟ ಟೈಟ್ಸು ನೃತ್ಯ ಕಲಿಯುವವರು ಹಾಕಿಕೊಳ್ಳುವಂಥದು. ಕಪ್ಪು ಬಣ್ಣ ಕೊಳೆ ಕಾಣಿಸುವುದಿಲ್ಲ, ಒಂದೇ ಜೋಡಿಯಲ್ಲಿ ನಾಲ್ಕು ದಿನ ತಳ್ಳಬಹುದು. ಚಪ್ಪಟೆ ಶೂದಲ್ಲಿ ರಾತ್ರಿ ಎಷ್ಟು ದೂರವಾದರೂ ನಡೆಯಬಹುದು. ಅಷ್ಟೇ ಅದರ ಫ್ಯಾಷನ್.

ಬೌದ್ಧರೇ ಎಂಬ ಪ್ರಶ್ನೆಗೆ, ಎಲ್ಲರೂ ಅಲ್ಲ. ಆದರೆ ಹೆಟ್ಟಿ ಜೋನ್ಸ್ ಎಂಬ ಯಹೂದಿ ಹೆಣ್ಣುಮಗಳು ಕಪ್ಪು ಜನಾಂಗದ ಕವಿ ಲೆರಾಯ್ ಜೋನ್ಸ್‌ರನ್ನು 1958ರಲ್ಲಿ ಮದುವೆಯಾದದ್ದು ನ್ಯೂಯಾರ್ಕಿನ ಬೌದ್ಧ ಮಂದಿರದಲ್ಲಿ. ತವರಿನವರು ಆಕೆಯನ್ನು ದೂರ ಮಾಡಿದರು. ಜೋನ್ ಕೈಗರ್ ಜಪಾನಿನಲ್ಲಿ ಇದ್ದು, 1962ರಲ್ಲಿ ಭಾರತಕ್ಕೆ ಬಂದು ಧರ್ಮಶಾಲೆಯಲ್ಲಿ ದಲೈ ಲಾಮಾ ಅವರನ್ನು ಕಂಡರು. ಡಯಾನ್ ಡಿ ಪ್ರಿಮಾ ಮುಂದೆ ಜೆನ್ ಗುರು ಶುನ್ರ್ಯು ಸುಜುಕಿಯವರಲ್ಲಿ ಧ್ಯಾನ ಕಲಿತರು. ಎಲಿಸ್ ಕೋವೆನ್ ಎಂಬಾಕೆ ಮಾತ್ರ 1962ರಲ್ಲಿ, ಮೂವತ್ತು ತುಂಬುವ ಮೊದಲೇ, ತನ್ನ ಜೀವ ತಾನೇ ಕಳೆದುಕೊಂಡಳು. ಆಕೆ ಬರೆದಿಟ್ಟಿದ್ದ ಕವಿತೆಗಳಲ್ಲಿ ಹೆಚ್ಚಿನವನ್ನು ತಂದೆತಾಯಿಯ ಪರಿಚಯದವರು ಸುಟ್ಟುಹಾಕಿದರು. ಹುಡುಗಿ ಕಳಿಸಿದ ಫೋಟೊದಲ್ಲಿ ಕಾಣದ್ದು ಇದು.

ಇನ್ನು ‘ಬೀಟ್ನಿಕ್’ ಎಂಬ ಹೆಸರು. ಅದು ಅವರು ಇಟ್ಟುಕೊಂಡದ್ದಲ್ಲ. 1958ರ ಏಪ್ರಿಲ್‌ನಲ್ಲಿ ಹರ್ಬ್ ಕೇನ್ ಎಂಬ ಪತ್ರಿಕೆಯ ಅಂಕಣಕಾರ, ಆಗಷ್ಟೇ ರಷ್ಯ ಹಾರಿಸಿದ್ದ ಸ್ಪುಟ್ನಿಕ್‌ನ ಬಾಲ ಕತ್ತರಿಸಿ ಇವರಿಗೆ ಅಂಟಿಸಿದ ಅಡ್ಡಹೆಸರು. ಆಮೇಲೆ ಓರೆ ಟೋಪಿ, ಸಣ್ಣ ಡೋಲು, ಗಡ್ಡ ಎಲ್ಲ ಸೇರಿಸಿ ವ್ಯಂಗ್ಯಚಿತ್ರ ಮಾಡಿದವರೂ ಪತ್ರಿಕೆ, ಟಿವಿಯವರೇ. ಇನ್ನೂ ತಮಾಷೆ ಕೇಳಿ. ಎರಡು ವರ್ಷ ಕಳೆಯುವಷ್ಟರಲ್ಲಿ ಫ್ರೆಡ್ ಮೆಕ್‌ಡಾರಾ ಎಂಬ ಛಾಯಾಗ್ರಾಹಕ ‘ಬೀಟ್ನಿಕ್ ಬಾಡಿಗೆಗೆ ಸಿಗುತ್ತಾರೆ’ ಎಂದು ಜಾಹೀರಾತು ಕೊಟ್ಟ! ಶ್ರೀಮಂತರ ಪಾರ್ಟಿಗೆ ಕಪ್ಪು ಬಟ್ಟೆಯವರನ್ನು ಕಳಿಸಿಕೊಡುವ ವ್ಯವಹಾರ. ನಮ್ಮಲ್ಲಿ ಮೆರವಣಿಗೆಗೆ ಕೋಲಾಟದವರನ್ನು ಕರೆಸುತ್ತೇವಲ್ಲ, ಹಾಗೆ. ಈಗ ಆ ಕಾಲದ ‘ಅಸಲಿ’ ಸ್ವೆಟರ್ ಹುಡುಕುವವರು, ಗತಿಯಿಲ್ಲದವರು ಉಟ್ಟ ಬಟ್ಟೆಗೆ ಗತಿಯಿದ್ದವರ ಬೆಲೆ ಕೊಡುತ್ತಾರೆ.

ಹಾಗಾದರೆ ಅಸಲಿತನ ನೂಲಿನಲ್ಲಿದೆಯೋ, ಉಟ್ಟವಳು ತೆತ್ತ ಬೆಲೆಯಲ್ಲಿದೆಯೋ? ಬೆಲೆಯಲ್ಲಿ ಎಂದು ಹೇಳುವುದು ಸುಲಭ. ನಾನೂ ಮೊದಲು ಹಾಗೇ ಬರೆಯಲು ಹೊರಟಿದ್ದೆ. ಆದರೆ ನಮ್ಮ ಚರಿತ್ರೆಯನ್ನು ಪಕ್ಕದಲ್ಲಿ ಇಟ್ಟರೆ ಮಾತು ತಿರುಗುತ್ತದೆ.

1927ರ ಡಿಸೆಂಬರ್. ಮಹಾಡ್. ಮನುಸ್ಮೃತಿಯನ್ನು ಸುಟ್ಟ ಅದೇ ಸಮಾವೇಶದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಕೂಡಿಸಿ ಮಾತಾಡಿದರು. ನೋಡಿದ ಕೂಡಲೇ ಜಾತಿ ಹೇಳುವ ಹಾಗೆ ಸೀರೆ ಉಡಬೇಡಿ, ಮೇಲಕ್ಕೆ ಕಟ್ಟಿದ ಸೀರೆಯನ್ನು ಕಾಲಿನವರೆಗೆ ಇಳಿಸಿ, ಕೈತುಂಬ ಕೊರಳತುಂಬ ಹೇರಿಕೊಂಡ ತವರದ, ಬೆಳ್ಳಿಯ ಆಭರಣ ಬಿಡಿ ಎಂಬುದು ಅವರ ಮಾತಿನ ಸಾರ. ಮರುದಿನವೇ ಅನೇಕರು ಸೀರೆ ಇಳಿಸಿ ಉಟ್ಟುಬಂದರು. ಮೊಣಕಾಲಿನ ಮೇಲಿನ ಸೀರೆ, ತವರದ ಬಳೆ, ಇದೇ ‘ಅವರ ಅಸಲಿ ಉಡುಪು’ ಎಂದು ಊರು ನಂಬಿತ್ತು. ಇವತ್ತಾದರೆ ಅದನ್ನು ಜಾನಪದ ಎಂದು ವಸ್ತುಸಂಗ್ರಹಾಲಯದಲ್ಲಿ ಇಡುತ್ತಿದ್ದರು, ಎಂ.ಎ. ಕನ್ನಡ ಓದುವಾಗ ನಾವು ಅದರ ಮೇಲೆ ಪ್ರಬಂಧ ಬರೆಯುತ್ತಿದ್ದೆವು. ಆದರೆ ಉಟ್ಟವಳಿಗೆ ಅದು ಊರು ಹಾಕಿದ ಗುರುತು. ಅಸಲಿಯನ್ನು ಬಿಡುವುದೇ ಆಕೆಗೆ ಬಿಡುಗಡೆಯಾಗಿತ್ತು.

ನ್ಯೂಯಾರ್ಕಿನ ಹುಡುಗಿ ಒಂದು ಮೆಟ್ಟಿಲು ಕೆಳಗಿಳಿದು ಬಡವರ ಬಣ್ಣ ತೊಟ್ಟಳು. ಮಹಾಡಿನ ಅವ್ವ ಒಂದು ಮೆಟ್ಟಿಲು ಮೇಲೇರಿ ‘ಅವರ ಹಾಗೆ’ ಉಟ್ಟಳು. ಬೇಕೆಂದಾಗ ವಾಪಸ್ ಹೋಗಲು ತವರಿದ್ದವಳಿಗೆ ಹರಿದ ಸ್ವೆಟರ್ ಸ್ವಾತಂತ್ರ್ಯ, ಹಾಗೆ ಹೋಗಲಾಗದೆ ಸೋತವಳಿಗೆ ಅದೂ ಅಲ್ಲ. ಹುಟ್ಟಿನಿಂದಲೇ ಹರಿದದ್ದನ್ನು ಉಟ್ಟವಳಿಗೆ ಇಸ್ತ್ರಿ ಮಾಡಿದ ಸೀರೆ ಸ್ವಾತಂತ್ರ್ಯ. ಬಾಬಾಸಾಹೇಬರ ಸೂಟನ್ನು ಆಡಿಕೊಳ್ಳುವವರು ಈಗಲೂ ಇದ್ದಾರೆ. ಅವರಿಗೆ ಬಡತನ ಒಂದು ವೇಷ, ಅದಕ್ಕೇ ಅದು ಪವಿತ್ರವಾಗಿ ಕಾಣುತ್ತದೆ.

ನಮ್ಮ ಹೊಲಕ್ಕೆ ಬನ್ನಿ. ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ ಹಾಕಿಕೊಂಡಿರುತ್ತಾರೆ, ತಲೆಗೆ ಟವೆಲ್. ಹತ್ತಿಕಾಯಿ ಕೈ ಗೀರಬಾರದು, ಕಾಯಿಯ ಘಾಟು ಮೈಗೆ ಹತ್ತಬಾರದು, ಬಿಸಿಲು ಸುಡಬಾರದು. ಬೀಟ್ ಹೆಣ್ಣುಮಕ್ಕಳೂ ಗಂಡಸರ ದೊಗಲೆ ಅಂಗಿ ತೊಡುತ್ತಿದ್ದರು, ಅದು ಬಂಡಾಯ ಎಂದು ಪುಸ್ತಕಕ್ಕೆ ಬಂತು. ನಮ್ಮವ್ವಂದಿರ ಅಂಗಿಯನ್ನು ಯಾರೂ ಬಂಡಾಯ ಎನ್ನಲಿಲ್ಲ. ಊರ ಅಗಸಿ ಹತ್ತಿರ ಬಂದಾಗ ಹಲವರು ಅದನ್ನು ಕಳಚಿ ಬುತ್ತಿಗಂಟಿಗೆ ಸುತ್ತಿಕೊಳ್ಳುತ್ತಾರೆ. ಹೊಲದಲ್ಲಿ ನಡೆಯುವ ಅಂಗಿ ಓಣಿಯಲ್ಲಿ ಯಾಕೆ ನಡೆಯುವುದಿಲ್ಲ? ‘ನಮ್ಮ ಸಂಸ್ಕೃತಿ ಅಲ್ಲ’ ಎಂದು ಬರೆದ ಅಣ್ಣನವರು ಇದಕ್ಕೆ ಉತ್ತರ ಹೇಳಬೇಕು.

ಸಂಸ್ಕೃತಿಯ ಮಾತು ಬಂತು, ಒಂದು ಅಡ್ಡಮಾತು. ಬೌದ್ಧ ಹೆಣ್ಣುಮಕ್ಕಳ ಅಸಲಿ ಉಡುಪು ಬೇಕೇ ಬೇಕು ಎನ್ನುವವರು ಸನ್ನತಿ ಹತ್ತಿರದ ಕನಗನಹಳ್ಳಿಗೆ ಹೋಗಬೇಕು. ಭೀಮಾ ದಂಡೆಯ ಆ ಸ್ತೂಪದಲ್ಲಿ ಅಶೋಕನ ಹೆಸರನ್ನೇ ಕೊರೆದ ಶಿಲ್ಪವಿದೆ, ಪಕ್ಕದಲ್ಲಿ ರಾಣಿ, ಸೇವಕಿಯರು. ಕಾಲಿಗೆ ಭಾರದ ಕಡಗ, ನಡುವಿಗೆ ಡಾಬು. ಕುಪ್ಪಸ ಮಾತ್ರ ಇಲ್ಲ. ಎರಡು ಸಾವಿರ ವರ್ಷದ ಅಸಲಿ ಅದು. ಮಾತು ಅಲ್ಲಿಗೇ ನಿಲ್ಲಿಸುತ್ತೇನೆ.

ಈ ‘ಅಸಲಿ’ಯ ಹಟ ಸಂಘದಲ್ಲೂ ಒಮ್ಮೆ ಎದ್ದಿತ್ತು. ಮೊದಲ ಭಿಕ್ಖುಗಳು ತಿಪ್ಪೆಯಲ್ಲಿ, ಸುಡುಗಾಡಿನಲ್ಲಿ ಬಿದ್ದ ಚಿಂದಿ ಆಯ್ದು ಹೊಲಿದು ಉಡುತ್ತಿದ್ದರು, ಪಂಸುಕೂಲ ಎನ್ನುತ್ತಾರೆ. ಮುಂದೆ ವೈದ್ಯ ಜೀವಕ ಒಳ್ಳೆಯ ಬಟ್ಟೆ ತಂದು ಕೊಟ್ಟಾಗ ಬುದ್ಧಗುರು ಸ್ವೀಕರಿಸಿದರು, ಗೃಹಸ್ಥರು ಕೊಟ್ಟ ಚೀವರವನ್ನು ಭಿಕ್ಖುಗಳು ಉಡಬಹುದೆಂದರು. ದೇವದತ್ತನಿಗೆ ಇದು ಸೇರಲಿಲ್ಲ. ಸಾಯುವತನಕ ಚಿಂದಿಯನ್ನೇ ಉಡಬೇಕು, ತಪ್ಪಿದರೆ ದೋಷ ಎಂದು ಕಾನೂನು ಮಾಡಿ ಎಂದು ಕೇಳಿದ. ಅವನು ಇಟ್ಟ ಐದು ಬೇಡಿಕೆಗಳಲ್ಲಿ ಅದೂ ಒಂದು. ಬುದ್ಧಗುರು ಒಪ್ಪಲಿಲ್ಲ. ಬೇಕಾದವರು ಚಿಂದಿ ಉಡಲಿ, ಬೇಕಾದವರು ಕೊಟ್ಟದ್ದನ್ನು ಉಡಲಿ ಎಂದರು. ದೇವದತ್ತ ಸಂಘ ಒಡೆದ. ಗಮನಿಸಿ, ಅವನು ಕೇಳಿದ್ದು ಭೋಗವನ್ನಲ್ಲ, ತ್ಯಾಗವನ್ನು. ಒಬ್ಬನ ತ್ಯಾಗ ಎಲ್ಲರಿಗೂ ಕಾನೂನಾದ ದಿನ ಅದು ಇನ್ನೊಬ್ಬರನ್ನು ಅಳೆಯುವ ಕೋಲಾಗುತ್ತದೆ.

ಇದನ್ನೆಲ್ಲ ಬರೆಯಲು ಹುಡುಗಿಯ ಫೋಟೊ ಒಂದೇ ಕಾರಣವಲ್ಲ, ನಮ್ಮ ಬಿಳಿ ಸೀರೆಯೂ ಕಾರಣ. ಬುದ್ಧವಚನದಲ್ಲಿ ಗೃಹಸ್ಥ ಉಪಾಸಕರನ್ನು ‘ಬಿಳಿ ಬಟ್ಟೆಯವರು’ ಎಂದೇ ಕರೆದಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬಿಳಿ ರೇಷ್ಮೆ ಧೋತರ, ಬಿಳಿ ಕೋಟು ತೊಟ್ಟು ದೀಕ್ಷೆ ಪಡೆದರು. ಅಮೆರಿಕದಲ್ಲಿ ಆ ಹುಡುಗಿಯರು ಕಪ್ಪು ತೊಟ್ಟ ಕಾಲದಲ್ಲೇ ಇಲ್ಲಿ ಲಕ್ಷಾಂತರ ಜನ ಬಿಳಿಯಲ್ಲಿ ನಿಂತಿದ್ದರು. ನಮ್ಮ ಕಡೆ ಬಿಳಿ ಸೀರೆ ಎಂದರೆ ಗಂಡ ಸತ್ತವಳ ಸೀರೆ. ಅದನ್ನು ಮುತ್ತೈದೆಯೊಬ್ಬಳು ಮೊದಲ ಸಲ ಉಟ್ಟು ಹೊಸ್ತಿಲು ದಾಟಿದಾಗ ಅತ್ತೆ ಏನಂದಿರಬೇಕು, ಓಣಿ ಏನಂದಿರಬೇಕು! ಆ ಮೊದಲಿನವರ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ.

ಆದರೆ ಕಳೆದ ಬುದ್ಧ ಪೂರ್ಣಿಮೆಯಂದು ಒಂದು ವಿಹಾರದಲ್ಲಿ ನಾನು ಕಂಡದ್ದು ಬೇರೆ. ಕೂಲಿಯ ತಾಯಿಯೊಬ್ಬರು ಹಸಿರು ಸೀರೆ ಉಟ್ಟು ಬಂದಿದ್ದರು. ಒಳಗೆ ಕರಿಯಲಿಲ್ಲವೆಂದಲ್ಲ, ‘ಹಿಂದ ಕೂಡ್ರಬೇ, ಫೋಟೊದಾಗ ಛಂದ ಕಾಣಂಗಿಲ್ಲ’ ಎಂದರು. ಆಕೆ ಹಿಂದೆ ಕೂಡಲಿಲ್ಲ, ಹೊರಗೆ ಚಪ್ಪಲಿ ಬಿಡುವಲ್ಲಿ ನಿಂತು ವಂದನೆ ಕೇಳಿದರು. ಮುಂದಿನ ಸಾಲಿನಲ್ಲಿ ಜರಿಯಂಚಿನ ಬಿಳಿ ರೇಷ್ಮೆಗಳಿದ್ದವು. ಹಾಗೆಂದವರ ಚೇತನೆ ಕೆಟ್ಟದ್ದಲ್ಲ, ಕಾರ್ಯಕ್ರಮ ಶಿಸ್ತಾಗಿ ಕಾಣಲಿ ಎಂಬುದಷ್ಟೇ. ಕರ್ಮಕ್ಕೆ ಚೇತನೆಯೇ ಮೂಲ, ನಿಜ. ಆದರೂ ಹೊರಗೆ ನಿಂತ ಕಾಲು ಹೊರಗೇ ನಿಂತಿತ್ತು.

ವಿನಯಪಿಟಕದಲ್ಲಿ ಆನಂದ ಮತ್ತು ಉದೇನ ರಾಜನ ಪ್ರಸಂಗ ಬರುತ್ತದೆ. ರಾಣಿಯರು ಐನೂರು ಚೀವರ ದಾನ ಕೊಟ್ಟಾಗ ರಾಜನಿಗೆ ಅನುಮಾನ, ಇಷ್ಟೊಂದು ಬಟ್ಟೆ ಏನು ಮಾಡುತ್ತೀರಿ ಎಂದು ಕೇಳಿದ. ಚೀವರ ಹರಿದವರಿಗೆ ಹಂಚುತ್ತೇವೆ, ಎಂದ ಆನಂದ. ಹಳೆಯವು? ಹೊದಿಕೆಯಾಗುತ್ತವೆ. ಹೊದಿಕೆ ಹಳತಾದರೆ ಹಾಸಿಗೆಗೆ, ಆಮೇಲೆ ನೆಲಕ್ಕೆ, ಕಾಲೊರಸಲು, ಧೂಳು ಒರೆಸಲು, ಕೊನೆಗೆ ಕತ್ತರಿಸಿ ಕೆಸರಿನಲ್ಲಿ ಕಲಸಿ ನೆಲ ಮೆತ್ತುತ್ತೇವೆ. ನಮ್ಮ ಮನೆಗಳಲ್ಲಿ ಹಳೇ ಸೀರೆ ಕೌದಿಯಾಗುವುದನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಕೌದಿಯಲ್ಲಿ ಹಸಿರೂ ಇರುತ್ತದೆ, ಬಿಳಿಯೂ ಇರುತ್ತದೆ.

ಹುಡುಗಿಗೆ ನಾನು ಬರೆದದ್ದು ಇಷ್ಟು: ಹಾಕ್ಕೊಳವ್ವ, ಉಣ್ಣೆ ಬೇಡ, ಕಾಟನ್ ತಗೋ. ಓರೆ ಟೋಪಿ ಪತ್ರಿಕೆಯವರ ಕಲ್ಪನೆ, ಬಿಟ್ಟರೂ ನಡೆಯುತ್ತದೆ. ವೇದಿಕೆ ಮೇಲೆ ಎರಡು ನಿಮಿಷ ಸಿಕ್ಕರೆ ಎಲಿಸ್ ಕೋವೆನ್ ಹೆಸರು ಹೇಳು.

ರವಿವಾರದ ಸಭೆಗೆ ನನ್ನದೊಂದು ವಿಷಯವಿದೆ. ಪೂರ್ಣಿಮೆಯ ಕರಪತ್ರದಲ್ಲಿ ‘ಮಹಿಳೆಯರು ಕಡ್ಡಾಯವಾಗಿ ಬಿಳಿ ಸೀರೆಯಲ್ಲಿ’ ಎಂಬ ಸಾಲಿನಿಂದ ‘ಕಡ್ಡಾಯವಾಗಿ’ ತೆಗೆಯಬೇಕೋ, ಇಡೀ ಸಾಲನ್ನೇ ತೆಗೆಯಬೇಕೋ ಎಂಬುದು. ಇಡೀ ಸಾಲು ಎಂಬುದು ನನ್ನ ಮತ. ಬೇರೆ ಮತ ಇದ್ದವರು ಇಲ್ಲಿ ಬೆರಳಚ್ಚು ಮಾಡುವ ಬದಲು ಅಲ್ಲಿಗೇ ಬರ್ರಿ, ಮನೆಯ ಹೆಣ್ಣುಮಕ್ಕಳನ್ನೂ ಕರಕೊಂಡು ಬರ್ರಿ.

ಜೈ ಭೀಮ್.