ಮನೆಯೊಳಗಣ ಕಡಲು

ಮನುಷ್ಯನು ಪ್ರಾಣಿಗಳನ್ನು ಸಾಕುವುದಕ್ಕೆ ಕಾರಣಗಳು ಹಲವು. ಹಾಲಿಗಾಗಿ ಹಸುವನ್ನೂ ಉಳುಮೆಗಾಗಿ ಎತ್ತನ್ನೂ ಕಾವಲಿಗಾಗಿ ನಾಯಿಯನ್ನೂ ಸಾಕುವವನು ಅವುಗಳಿಂದ ಪಡೆಯುವ ಉಪಕಾರಕ್ಕೆ ಪ್ರತಿಯಾಗಿ ಮೇವನ್ನೂ ನೆರಳನ್ನೂ ಕೊಡುತ್ತಾನೆ. ಆ ಲೆಕ್ಕದಲ್ಲಿ ಅನ್ಯಾಯ ನುಸುಳಬಹುದು. ಆದರೂ ಲೆಕ್ಕವೆಂಬುದೊಂದು ಅಲ್ಲಿ ಉಂಟು. ಕೇವಲ ನೋಟದ ಸುಖಕ್ಕಾಗಿ ಸಾಕಿದ ಪ್ರಾಣಿಯ ವಿಷಯ ಹಾಗಲ್ಲ. ಪಂಜರದ ಗಿಳಿಯು ಮನೆಯವರಿಂದ ಏನನ್ನೂ ಬೇಡಿ ಬಂದುದಲ್ಲ. ಆದರೂ ಗಿಳಿಯು ಉಸಿರಾಡುವ ಗಾಳಿ ಮನೆಯವರು ಉಸಿರಾಡುವ ಗಾಳಿಯೇ. ಉಪ್ಪುನೀರಿನ ತೊಟ್ಟಿಯನ್ನಿಟ್ಟು ಕಡಲ ಮೀನನ್ನು ಸಾಕಲು ಹೊರಟ ಗೃಹಸ್ಥನಿಗಾದರೋ ಇಷ್ಟೂ ಅನುಕೂಲವಿಲ್ಲ. ಆ ಜೀವಕ್ಕೆ ಬೇಕಾದ ಆಹಾರವನ್ನಷ್ಟೇ ಅಲ್ಲ, ಅದರ ನೆಲವನ್ನೂ ನೀರನ್ನೂ ಬೆಳಕನ್ನೂ ಅಲೆಯನ್ನೂ ಅವನೇ ನಿರ್ಮಿಸಿಕೊಡಬೇಕು. ಒಂದು ಜೀವದ ಇಡೀ ಪ್ರಪಂಚವನ್ನು ಕೈಯಾರೆ ಕಟ್ಟುವ ಅಧಿಕಾರ ಯಾರಿಗೆ ಉಂಟು, ಯಾವ ನಿಬಂಧನೆಯ ಮೇಲೆ ಉಂಟು ಎಂಬುದು ವಿಚಾರಮಾಡತಕ್ಕ ಪ್ರಶ್ನೆ.

ಈ ಹವ್ಯಾಸದ ಮೂಲ ಕುತೂಹಲದಲ್ಲಿದೆ. ಆ ಕುತೂಹಲ ನಿಂದ್ಯವಾದುದಲ್ಲ. ಝಾನ್ ವಿಲ್‌ಪ್ರೋ ಪವರ್ ಎಂಬ ಫ್ರೆಂಚ್ ಮಹಿಳೆ ಸಿಸಿಲಿ ದ್ವೀಪದ ಮೆಸ್ಸಿನಾ ಪಟ್ಟಣದಲ್ಲಿದ್ದಾಗ, 1832ರಲ್ಲಿ, ಗಾಜಿನ ತೊಟ್ಟಿಗಳನ್ನು ಮಾಡಿಸಿ ಆರ್ಗೊನಾಟ್ ಎಂಬ ಕಡಲಜೀವಿಯನ್ನು ಅವುಗಳಲ್ಲಿಟ್ಟು ನೋಡಿದಳು. ಆ ಜೀವಿ ತನ್ನ ಚಿಪ್ಪನ್ನು ಬೇರೊಂದರಿಂದ ಕಸಿದುಕೊಳ್ಳುವುದೋ ತಾನೇ ಕಟ್ಟಿಕೊಳ್ಳುವುದೋ ಎಂಬ ಹಳೆಯ ವಿವಾದ ಅವಳ ಸಹನೆಯ ವೀಕ್ಷಣೆಯಿಂದ ತೀರಿತು. ಚಿಪ್ಪು ಅದರದೇ ನಿರ್ಮಾಣವೆಂದು ಗೊತ್ತಾಯಿತು. 1846ರಲ್ಲಿ ಅನ್ನಾ ಥಿನ್ ಎಂಬ ಇಂಗ್ಲಿಷ್ ಗೃಹಿಣಿ ಟಾರ್ಕಿ ತೀರದಿಂದ ಹವಳಜೀವಿಗಳನ್ನು ಲಂಡನ್ನಿಗೆ ಒಯ್ದಳು. ನೀರಿಗೆ ಗಾಳಿ ಸೇರಿಸುವ ಯಂತ್ರ ಆಗ ಇರಲಿಲ್ಲ. ಮನೆಯ ದಾಸಿ ತೆರೆದ ಕಿಟಕಿಯ ಬಳಿ ನಿಂತು ಆ ಕಡಲ ನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊಯ್ಯುತ್ತ ಅವುಗಳ ಪ್ರಾಣವನ್ನು ಉಳಿಸಬೇಕಾಯಿತು. ಒಡತಿಯ ಸಂತೋಷದ ಹಿಂದೆ ಹೀಗೆ ಹೆಸರಿಲ್ಲದ ಒಬ್ಬಳ ತೋಳಿನ ಶ್ರಮ ಇದ್ದಿತು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು ‘ದಿ ಅಕ್ವೇರಿಯಂ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಆ ಹೆಸರು ಮನೆಮನೆಯ ಮಾತಾಯಿತು.

ಗಾಸನು ಕಡಲಜೀವಿಗಳನ್ನು ಭಕ್ತಿಯಿಂದ ಕಂಡವನು. ಆದರೆ ಅವನ ಪುಸ್ತಕಗಳನ್ನು ಓದಿದ ಜನ ಬುಟ್ಟಿ ಉಳಿಗಳನ್ನು ಹಿಡಿದು ಡೆವನ್ ತೀರದ ಬಂಡೆಗುಳಿಗಳಿಗೆ ಮುತ್ತಿಗೆ ಹಾಕಿದರು. ಎಷ್ಟೋ ಯುಗಗಳಿಂದ ಯಾರ ಕೈಯೂ ತಗಲದೆ ಇದ್ದ ಆ ಸಣ್ಣ ಉದ್ಯಾನಗಳು ಕೆಲವೇ ವರ್ಷಗಳಲ್ಲಿ ಬರಿದಾದುವು. ಇದನ್ನು ಅವನ ಮಗ ಎಡ್ಮಂಡ್ ಗಾಸನು 1907ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ದುಃಖದಿಂದ ಬರೆದಿದ್ದಾನೆ. ಆ ಜನರಲ್ಲಿ ಕ್ರೂರಿಗಳು ಎಷ್ಟು ಮಂದಿ? ಬಹುಶಃ ಒಬ್ಬರೂ ಇರಲಾರರು. ಪ್ರತಿಯೊಬ್ಬನೂ ಒಂದು ಹೂಪ್ರಾಣಿಯನ್ನೋ ಎರಡು ಸೀಗಡಿಗಳನ್ನೋ ಪ್ರೀತಿಯಿಂದಲೇ ಮನೆಗೆ ಒಯ್ದಿದ್ದಾನು. ಪ್ರೀತಿಯೂ ಸಾವಿರ ಕೈಗಳಿಂದ ಕೀಳತೊಡಗಿದರೆ ದ್ವೇಷಕ್ಕಿಂತ ಕಡಿಮೆಯಾಗಿ ಹಾಳುಮಾಡುವುದಿಲ್ಲವೆಂಬುದು ಈ ಪ್ರಸಂಗದ ಪಾಠ.

ಅನಂತರದ ಚರಿತ್ರೆ ಇನ್ನೂ ಕಠಿನವಾದುದು. 1960ರ ದಶಕದಿಂದ ಫಿಲಿಪೈನ್ಸ್ ದ್ವೀಪಗಳ ಹವಳದಿಬ್ಬಗಳಲ್ಲಿ ಬಣ್ಣದ ಮೀನುಗಳನ್ನು ಹಿಡಿಯುವುದಕ್ಕೆ ಸಯನೈಡ್ ವಿಷವನ್ನು ಚಿಮ್ಮಿಸುವ ಪದ್ಧತಿ ಹಬ್ಬಿತು. ವಿಷದಿಂದ ಮೀನು ಮಂಕಾಗಿ ಕೈಗೆ ಸಿಕ್ಕುವುದು. ಸುತ್ತಲಿನ ಹವಳ ಸಾಯುವುದು. ಹಿಡಿದ ಮೀನುಗಳಲ್ಲಿಯೂ ಎಷ್ಟೋ ದಾರಿಯಲ್ಲಿ ಸಾಯುವುವು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯನ್ನು 2001ರಲ್ಲಿ ಗಟ್ಟಿಹವಳಗಳಿಗೂ ಕಡಲಕುದುರೆಗಳಿಗೂ ವಿಸ್ತರಿಸಿದ್ದಾರೆ. ಅಂಗಡಿಯ ತೊಟ್ಟಿಯಲ್ಲಿ ಹೊಳೆಯುವ ಒಂದು ಮೀನನ್ನು ಕೊಳ್ಳುವವನು ಆ ಒಂದನ್ನಷ್ಟೇ ಕೊಂಡೆನೆಂದು ತಿಳಿಯುತ್ತಾನೆ. ಅದರ ಹಿಂದೆ ಸತ್ತವುಗಳ ಬೆಲೆ ಚೀಟಿಯಲ್ಲಿ ಬರೆದಿರುವುದಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಬೆಕ್ಕಿಗೆ ಇಲಿಯ ಸಂಕಟ ಕಣ್ಣೆದುರಿಗಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ.

ಇದಕ್ಕೆ ಒಂದು ಸಮಾಧಾನವನ್ನು ಹೇಳುವುದುಂಟು. ಕಡಲಿನಲ್ಲಿಯೂ ಮೀನಿಗೆ ಸುಖವೆಲ್ಲಿದೆ? ದೊಡ್ಡದು ಚಿಕ್ಕದನ್ನು ನುಂಗುವುದೇ ಅಲ್ಲಿಯ ನ್ಯಾಯ. ಅದಕ್ಕೆ ಮತ್ಸ್ಯನ್ಯಾಯವೆಂದೇ ಹೆಸರು. ತೊಟ್ಟಿಯಲ್ಲಿ ಶತ್ರುವಿಲ್ಲ, ಹಸಿವಿಲ್ಲ. ಹಾಗಿರಲು ಸೆರೆಯೇ ಅನುಗ್ರಹವಲ್ಲವೆ? ಈ ವಾದವನ್ನು ತೂಗುವುದಕ್ಕೆ ಶತಪಥಬ್ರಾಹ್ಮಣದಲ್ಲಿ ಬರುವ ಮನುವಿನ ಕಥೆಗಿಂತ ಒಳ್ಳೆಯ ತಕ್ಕಡಿ ಸಿಕ್ಕಲಾರದು. ಬೆಳಗ್ಗೆ ಕೈತೊಳೆಯುವ ನೀರಿನಲ್ಲಿ ಒಂದು ಮರಿಮೀನು ಮನುವಿನ ಕೈಗೆ ಬಂದಿತು. ಮೀನು ಮೀನನ್ನು ನುಂಗುವುದು, ತನ್ನನ್ನು ಕಾಪಾಡು, ಮುಂದೆ ತಾನೂ ಅವನನ್ನು ಕಾಪಾಡುವೆನೆಂದು ಅದು ಬೇಡಿತು. ಮನು ಅದನ್ನು ಮೊದಲು ಕುಂಭದಲ್ಲಿಟ್ಟನು. ಅದು ಬೆಳೆದಾಗ ಗುಂಡಿಯನ್ನು ತೋಡಿ ಅಲ್ಲಿ ಬಿಟ್ಟನು. ಅದಕ್ಕೂ ಮೀರಿ ಬೆಳೆದಾಗ ಸಮುದ್ರಕ್ಕೆ ಒಯ್ದು ಬಿಟ್ಟನು.

ಈ ಕಥೆಯಲ್ಲಿ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದು, ಆಶ್ರಯವನ್ನು ಬೇಡಿದುದು ಮೀನು. ಮನು ಅದನ್ನು ಬಲೆಹಾಕಿ ಹಿಡಿದವನಲ್ಲ. ಎರಡನೆಯದು, ಪಾತ್ರೆಯ ಅಳತೆಗೆ ಮೀನನ್ನು ಒಗ್ಗಿಸದೆ ಮೀನಿನ ಅಳತೆಗೆ ಪಾತ್ರೆಯನ್ನು ಬದಲಾಯಿಸಿದನು. ಮೂರನೆಯದು, ಸಾಕುವುದರ ಕೊನೆ ಬಿಡುಗಡೆಯೆಂಬುದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಇಂದಿನ ಗೃಹಸ್ಥನು ಮೊದಲನೆಯದನ್ನು ತನ್ನ ಪರವಾಗಿ ಹೇಳಿಕೊಳ್ಳಲಾರನು. ಅವನ ಮೀನು ಏನನ್ನೂ ಬೇಡಲಿಲ್ಲ. ಮೂರನೆಯದೂ ಅವನಿಗೆ ನಿಷಿದ್ಧ. ದೂರದ ಕಡಲಿನಿಂದ ಬಂದ ಮೀನನ್ನು ಬೇಸರವಾದಾಗ ಹತ್ತಿರದ ಕಡಲಿಗೆ ಬಿಡುವುದು ದಯೆಯಂತೆ ಕಂಡರೂ ದಯೆಯಲ್ಲ. ಹಿಂದೂ ಮಹಾಸಾಗರ ಶಾಂತಸಾಗರಗಳ ಸಿಂಹಮೀನು 1985ರಲ್ಲಿ ಅಮೆರಿಕೆಯ ಫ್ಲಾರಿಡಾ ತೀರದಲ್ಲಿ ಕಾಣಿಸಿಕೊಂಡಿತು. ಸಾಕಿದವರು ಬಿಟ್ಟ ಮೀನುಗಳೇ ಅದಕ್ಕೆ ಕಾರಣವಿರಬೇಕೆಂದು ವಿದ್ವಾಂಸರ ಅಭಿಪ್ರಾಯ. ಅದು ಕೆರಿಬಿಯನ್ ಕಡಲನ್ನೆಲ್ಲ ವ್ಯಾಪಿಸಿ ಅಲ್ಲಿಯ ಚಿಕ್ಕ ಮೀನುಗಳಿಗೆ ಮೃತ್ಯುವಾಗಿ ಪರಿಣಮಿಸಿದೆ. ಆದುದರಿಂದ ಈ ಹವ್ಯಾಸದಲ್ಲಿ ಮನೆಯ ಹೊಸ್ತಿಲನ್ನು ದಾಟಿಸಿ ಒಳಗೆ ತಂದುದನ್ನು ಹಿಂದಕ್ಕೆ ಕಳುಹಿಸುವ ದಾರಿ ಇಲ್ಲವೆಂದೇ ತಿಳಿಯಬೇಕು. ಉಳಿದುದು ಎರಡನೆಯ ಅಂಶ ಮಾತ್ರ: ಪ್ರಾಣಿಗೆ ತಕ್ಕ ಪಾತ್ರೆ.

ಪಾತ್ರೆಯೆಂದರೆ ಗಾಜಷ್ಟೇ ಅಲ್ಲ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುವುವು. ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ನಿಲ್ಲುವುದು. ಆದುದರಿಂದ ಕಡಿಮೆಯಾದಷ್ಟು ಸಿಹಿನೀರನ್ನು ದಿನದಿನವೂ ತುಂಬದಿದ್ದರೆ ನೀರು ಉಪ್ಪೇರಿ ವಿಷಮಿಸುವುದು. ಇದಕ್ಕಿಂತ ಮುಖ್ಯವಾದುದು ಕಣ್ಣಿಗೆ ಕಾಣದ ಒಂದು ಸಂಸಾರ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುವುದು. ಅದು ಮೀನಿಗೆ ವಿಷ. ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಅದನ್ನು ಅಷ್ಟು ಕೇಡಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವುವು. ರಷ್ಯದ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ 1890ರ ಸುಮಾರಿನಲ್ಲಿ ಈ ಜೀವಾಣುಗಳನ್ನು ಬೇರ್ಪಡಿಸಿ ತೋರಿಸಿದನು. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಹಿಡಿಯುವುವು. ಅಷ್ಟು ದಿನವೂ ತೊಟ್ಟಿಯಲ್ಲಿ ಕಲ್ಲು, ಮರಳು, ನೀರು ಇವುಗಳಲ್ಲದೆ ನೋಡುವುದಕ್ಕೆ ಏನೂ ಇರುವುದಿಲ್ಲ. ಹಣ ಕೊಟ್ಟವನಿಗೆ ಇದು ಸಹಿಸಲಾಗದ ಬಡತನ. ಮಕ್ಕಳು ದಿನವೂ ಮೀನೆಲ್ಲಿ ಎಂದು ಕೇಳುತ್ತಾರೆ. ಬಂದ ನೆಂಟರು ಬರಿಯ ನೀರನ್ನು ನೋಡಿ ನಗುತ್ತಾರೆ. ಹತ್ತನೆಯ ದಿನವೇ ಮೀನನ್ನು ತಂದುಬಿಟ್ಟರೆ ಅದು ತಾನೇ ಹೊರಹಾಕಿದ ಮಲಿನದಲ್ಲಿ ಉರಿದು ಸಾಯುವುದು.

ಕನ್ನಡದಲ್ಲಿ ‘ಕಾಯು’ ಎಂಬ ಮಾತಿಗೆ ನಿರೀಕ್ಷಿಸು ಎಂದೂ ರಕ್ಷಿಸು ಎಂದೂ ಅರ್ಥವಿದೆ. ಈ ತೊಟ್ಟಿಯ ವಿಷಯದಲ್ಲಿ ಎರಡು ಅರ್ಥಗಳೂ ಒಂದೇ. ಆರು ವಾರ ಕಾಯಲಾರದವನು ಆರು ವರ್ಷ ಕಾಯಲಾರನು. ಚೆನ್ನಾಗಿ ನೋಡಿಕೊಂಡರೆ ಕ್ಲೌನ್ ಎಂದು ಹೆಸರಾದ ಬಿಳಿಪಟ್ಟೆಯ ಕಿತ್ತಳೆಬಣ್ಣದ ಮೀನು ಹತ್ತು ವರ್ಷಗಳಿಗೂ ಮೀರಿ ಬದುಕಬಲ್ಲುದು. ಅಷ್ಟು ಕಾಲವೂ ವಿದ್ಯುಚ್ಛಕ್ತಿ ನಿಂತ ರಾತ್ರಿಗಳಲ್ಲಿ ಎದ್ದು ನೋಡುವವರಾರು, ಮನೆಯವರೆಲ್ಲ ಊರಿಗೆ ಹೋದಾಗ ನೀರೆರೆಯುವವರಾರು, ಲಂಡನ್ನಿನ ಆ ದಾಸಿಯಂತೆ ಹವ್ಯಾಸದ ಭಾರವೆಲ್ಲ ಮನೆಯಾಕೆಯ ಮೇಲೋ ಆಳಿನ ಮೇಲೋ ಬೀಳುವುದೇ, ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಗೃಹಸ್ಥನ ಕರ್ತವ್ಯ.

ಹಾಗಾದರೆ ಈ ಹವ್ಯಾಸವನ್ನು ಪೂರ್ತಿಯಾಗಿ ತ್ಯಜಿಸಬೇಕೆ? ಹಾಗೆನ್ನುವವರ ಮಾತಿನಲ್ಲಿ ಸತ್ತ್ವವಿದೆ. ಆದರೆ ಕಡಲಿನಿಂದ ದೂರದ ಊರಿನಲ್ಲಿ ಬೆಳೆದ ಮಗು, ಹವಳವೆಂಬುದು ಸರದ ಮಣಿಯಲ್ಲ, ಉಸಿರಾಡುವ ಜೀವ ಕಟ್ಟಿದ ಮನೆಯೆಂದು ಎಲ್ಲಿ ತಿಳಿಯಬೇಕು? ಕಾಣದುದರ ಮೇಲೆ ಕನಿಕರ ಹುಟ್ಟುವುದು ಕಷ್ಟ. ಅಲ್ಲದೆ ಕಾಲವೂ ಸ್ವಲ್ಪ ಸಹಾಯಮಾಡಿದೆ. ಕ್ಲೌನ್ ಮೀನುಗಳನ್ನು ಈಗ ತೊಟ್ಟಿಗಳಲ್ಲಿಯೇ ಮರಿಮಾಡಿಸುತ್ತಾರೆ. ಭಾರತದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ಈ ವಿದ್ಯೆಯನ್ನು ಸಾಧಿಸಿದೆ. ಕಡಲಿನಲ್ಲಿ ಹಿಡಿದ ಮೀನಿಗೂ ತೊಟ್ಟಿಯಲ್ಲಿಯೇ ಹುಟ್ಟಿದ ಮೀನಿಗೂ ನೀತಿಯ ದೃಷ್ಟಿಯಿಂದ ಭೇದವುಂಟು. ಮೊದಲನೆಯದು ಕಳೆದುಕೊಂಡದ್ದು ಒಂದು ಸಾಗರವನ್ನು. ಎರಡನೆಯದರ ಹಿಂದೆ ಬರಿದಾದ ದಿಬ್ಬವಿಲ್ಲ. ಆದರೂ ಎರಡನೆಯದೂ ಮನುಷ್ಯನ ಋಣಿಯಲ್ಲ. ಅದನ್ನು ಹುಟ್ಟಿಸಿದವನೇ, ಅದನ್ನು ತಂದವನೇ ಅದಕ್ಕೆ ಋಣಿ.

ಹಿಂದಿನ ಗೃಹಸ್ಥನ ನಿತ್ಯಕರ್ಮಗಳಲ್ಲಿ ಭೂತಯಜ್ಞವೆಂಬುದೊಂದಿತ್ತು. ಉಣ್ಣುವುದಕ್ಕೆ ಮುಂಚೆ ಕಾಗೆ ನಾಯಿ ಇರುವೆಗಳಿಗೆ ಒಂದು ತುತ್ತು ಹಾಕುವುದು ಅದರ ರೂಪ. ಆ ಜೀವಿಗಳು ಅವನ ಒಡವೆಗಳಲ್ಲ. ಬಂದು ಉಂಡು ಹೋಗುವುವು. ಕೊಟ್ಟವನಿಗೆ ಅವುಗಳ ಮೇಲೆ ಯಾವ ಹಕ್ಕೂ ಹುಟ್ಟುತ್ತಿರಲಿಲ್ಲ. ಗಾಜಿನ ತೊಟ್ಟಿಯನ್ನಿಡುವವನು ಆ ಮನೋಭಾವವನ್ನು ಉಳಿಸಿಕೊಳ್ಳಬಲ್ಲನಾದರೆ ತೊಟ್ಟಿಯನ್ನಿಡಲಿ. ಎಲ್ಲಿಂದ ಬಂದಿತೆಂದು ಕೇಳಿ ತಿಳಿಯದೆ ಯಾವ ಜೀವವನ್ನೂ ತರದಿರಲಿ. ಕಲ್ಲಿನ ಮೇಲೆ ಹರಿದಾಡುವ ಸಣ್ಣ ಜೀವಿಗಳನ್ನಲ್ಲದೆ ಬೇರೇನನ್ನೂ ಸಾಮಾನ್ಯವಾಗಿ ಮುಟ್ಟದ ಮ್ಯಾಂಡರಿನ್ ಮೀನಿನಂಥವುಗಳನ್ನು, ಬಣ್ಣ ಎಷ್ಟೇ ಸೆಳೆಯಲಿ, ಹೊಸ ತೊಟ್ಟಿಯಲ್ಲಿ ಉಪವಾಸ ಕೊಲ್ಲದಿರಲಿ. ಇಷ್ಟು ಮಾಡುವ ಶಕ್ತಿಯೂ ಬಿಡುವೂ ಇಲ್ಲವೆಂದು ತನ್ನನ್ನು ತಾನು ಅರಿತವನು ತೊಟ್ಟಿಯನ್ನೇ ಇಡದೆ, ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಕಡಲ ತೀರಕ್ಕೆ ಹೋಗಿ, ನೀರಿಳಿದ ಹೊತ್ತಿನಲ್ಲಿ ಬಂಡೆಗುಳಿಯ ಪಕ್ಕದಲ್ಲಿ ಕುಳಿತು ನೋಡಿ, ಏನನ್ನೂ ಕೀಳದೆ ಬರಿಗೈಯಲ್ಲಿ ಹಿಂದಿರುಗಲಿ. ಅದರಿಂದ ಅವನಿಗೂ ಮಕ್ಕಳಿಗೂ ಆಗುವ ಲಾಭ ಕಡಿಮೆಯೇನಲ್ಲ.