ಹೂಬಿಟ್ಟ ಗಿಡ

ಮೆಲ್ಬರ್ನಿನ ಬಾಡಿಗೆ ಮನೆಯ ಹಿತ್ತಲಲ್ಲಿ ನಾನು ನೆಟ್ಟ ಕೂಟಮುಂಡ್ರ ವ್ಯಾಟಲ್ ಮೂರನೆಯ ಚಳಿಗಾಲಕ್ಕೆ ಹೂಬಿಟ್ಟಿತು. ಬೂದು ಛಾಯೆಯ ಸಣ್ಣೆಲೆಗಳ ಮೇಲೆ ಹಳದಿ ಉಂಡೆಗಳು, ಥೇಟ್ ನಮ್ಮ ಜಾಲಿಹೂವಿನ ಹಾಗೆ. ಸಸಿ ಕೊಟ್ಟ ಪರಿಚಯದವರು ‘ಇದು ಆಸ್ಟ್ರೇಲಿಯಾದ್ದೇ ಗಿಡ’ ಎಂದಿದ್ದರು. ಬೇಲಿಯಾಚೆಯ ಹಿರಿಯರು ಮಾತ್ರ, ‘ಚೆನ್ನಾಗಿದೆ, ಆದರೆ ಇಲ್ಲಿ ಅದು ಕಳೆ’ ಎಂದರು.

ಓದಿ ನೋಡಿದೆ. ಅವರು ಹೇಳಿದ್ದು ನಿಜ. ಇದರ ತವರು ನ್ಯೂ ಸೌತ್ ವೇಲ್ಸ್‌ನ ಕೂಟಮುಂಡ್ರ, ಟೆಮೋರಾ ಸುತ್ತಲಿನ ಒಂದು ಸಣ್ಣ ಪ್ರದೇಶ. ಇಲ್ಲಿಂದ 400 ಕಿಲೋಮೀಟರಿಗೂ ದೂರ. ಚೆಂದಕ್ಕೆಂದು ಜನ ಎಲ್ಲೆಡೆ ನೆಟ್ಟರು. ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಕಾದಿದ್ದು, ಬೆಂಕಿ ಬಿದ್ದ ಮೇಲೆ ಒಟ್ಟಿಗೇ ಮೊಳೆಯುತ್ತದೆ. ಬೇರೆ ಕೆಲವು ವ್ಯಾಟಲ್‌ಗಳ ಜೊತೆ ಬೆರೆತು ಮಿಶ್ರತಳಿಯನ್ನೂ ಹುಟ್ಟಿಸುತ್ತದೆ.

ಆದರೂ ‘ಕಳೆ’ ಎಂಬ ಮಾತು ನನಗೇ ತಾಗಿತ್ತು. ಎಲ್ಲಿಂದಲೋ ಬಂದದ್ದು, ತಾನಾಗಿ ಬಂದದ್ದಲ್ಲ, ಬೇರೂರಿದ ಮೇಲೆ ಹೋಗು ಎಂದರೆ? ಗಿಡದ ಪರವಾಗಿ ಮನಸ್ಸಿನಲ್ಲೇ ಒಂದು ವಾದ ಕಟ್ಟಿದೆ. ಆಮೇಲೆ ಸಾಗರದ ಕಡೆಯ ನಮ್ಮ ಗುಡ್ಡ ನೆನಪಾಯಿತು. ಅಲ್ಲಿನ ಅಕೇಶಿಯಾ ನೆಡುತೋಪುಗಳನ್ನು ಅಮ್ಮನ ಜೊತೆ ಸೇರಿ ನಾನೂ ಬೈದವಳೇ. ಅದೂ ಉತ್ತರ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಮರ. ಅದನ್ನೂ ಜನರೇ ತಂದು ನೆಟ್ಟದ್ದು. ಆಗ ಅದರ ಪರ ವಕಾಲತ್ತು ವಹಿಸಬೇಕೆಂದು ನನಗೆ ಅನ್ನಿಸಿರಲಿಲ್ಲ.

ವಲಸೆ ಬಂದವರನ್ನು ಗಿಡಕ್ಕೆ ಹೋಲಿಸುವುದು ಸುಲಭ, ನಾವೇ ಹೋಲಿಸಿಕೊಂಡಾಗಲೂ ಅದು ಅಪಾಯ. ಮನುಷ್ಯರನ್ನು ಕೇಳಬಹುದು, ಅವರು ಉತ್ತರ ಕೊಡುತ್ತಾರೆ, ಬದಲಾಗುತ್ತಾರೆ. ವ್ಯಾಟಲ್ ಬೀಜ ಉದುರಿಸುತ್ತದೆ, ಅಷ್ಟೇ. ಅದರ ತಪ್ಪೇನೂ ಇಲ್ಲ, ಒಪ್ಪಿದೆ. ಆದರೆ ‘ತಪ್ಪಿಲ್ಲದ್ದನ್ನು ಶಿಕ್ಷಿಸಬಾರದು’ ಎಂದು ಹೇಳುತ್ತಾ, ವಿಚಾರಿಸದೆ ನೆಟ್ಟ ನಾನು ಅದರ ಹಿಂದೆ ಅಡಗಿಕೊಂಡಿದ್ದೆ. ಕಡಿಯುವುದು ಗಿಡಕ್ಕೆ ಕೊಡುವ ಶಿಕ್ಷೆ ಎಂದುಕೊಂಡದ್ದೇ ಈ ಗೊಂದಲದ ಮೂಲ. ಅದು ನನ್ನ ಕೆಲಸವನ್ನು ನಾನೇ ಸರಿಪಡಿಸಿಕೊಳ್ಳುವುದು. ಗಿಡಕ್ಕೆ ಅದರಿಂದ ಆಗುವ ನಷ್ಟ ಮಾತ್ರ ನಿಜವೇ.

ಕಾಯಿ ಬಲಿಯುವ ಮೊದಲು, ಸೆಪ್ಟೆಂಬರಿನಲ್ಲಿ ಕಡಿದೆ. ಆ ಜಾಗದಲ್ಲಿ ಈಗ ಗೋಲ್ಡನ್ ವ್ಯಾಟಲ್ ಸಸಿ ಇದೆ. ಅದು 1988ರಲ್ಲಿ ಈ ದೇಶದ ಅಧಿಕೃತ ಪುಷ್ಪಲಾಂಛನವಾದದ್ದು, ವಿಕ್ಟೋರಿಯಾದ್ದೇ ಗಿಡ. (ದಕ್ಷಿಣ ಆಫ್ರಿಕಾದಲ್ಲಿ ಅದೂ ಕಳೆಯೇ.)

ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಕೇಶಿಯಾಕ್ಕೆ ಶಾಪ ಹಾಕುವ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೂ ಬಿಟ್ಟಿದ್ದನ್ನ ಕಡಿದ್ಯನೇ?’ ಎಂದು ಕೇಳಿದಳು.