ಒಳಗಿನ ದನಿ ಯಾರದು?

1522ರಲ್ಲಿ ಸ್ಪೇನಿನ ದಾರಿಯೊಂದರಲ್ಲಿ ಇಬ್ಬರು ಹೇಸರಗತ್ತೆಗಳ ಮೇಲೆ ಕೂತು ಮಾತಾಡುತ್ತ ಹೋಗುತ್ತಿದ್ದರು. ಒಬ್ಬ ಇನಿಗೊ. ಹಿಂದಿನ ವರ್ಷ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದುಕೊಂಡು, ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ಎದ್ದ ಮೇಲೆ ಇನ್ನು ಬದುಕೆಲ್ಲ ದೇವರಿಗೆ ಎಂದುಕೊಂಡು ಮೊನ್ಸೆರಾಟ್ ಮಠದ ಯಾತ್ರೆಗೆ ಹೊರಟವನು. ಮುಂದೆ ಜೆಸ್ಯೂಟ್ ಪಾದ್ರಿಗಳ ಯೇಸುಸಭೆಯನ್ನು ಕಟ್ಟಿ ಸಂತ ಇಗ್ನೇಷಿಯಸ್ ಲೊಯೋಲ ಎಂದು ಹೆಸರಾದವನು ಇವನೇ. ಇನ್ನೊಬ್ಬ ಮೂರ್, ಅಂದರೆ ಆ ನಾಡಿನ ಮುಸಲ್ಮಾನ. ಮಾತು ಯೇಸುವಿನ ತಾಯಿ ಮೇರಿಯ ಕಡೆಗೆ ತಿರುಗಿತು. ಗಂಡಸಿನ ಸಂಪರ್ಕವಿಲ್ಲದೆ ಆಕೆ ಬಸುರಾದದ್ದನ್ನು ಒಪ್ಪುತ್ತೇನೆ, ಆದರೆ ಹೆತ್ತ ಮೇಲೂ ಕನ್ಯೆಯಾಗಿಯೇ ಉಳಿದಳೆಂಬುದನ್ನು ಒಪ್ಪಲಾರೆ ಎಂದು ಮೂರ್ ಹೇಳಿದ. ಇನಿಗೊ ಎಷ್ಟು ವಾದಿಸಿದರೂ ಆತ ಬಗ್ಗಲಿಲ್ಲ. ಕೊನೆಗೆ ತನ್ನ ಪ್ರಾಣಿಯನ್ನು ಜೋರಾಗಿ ಓಡಿಸಿಕೊಂಡು ಮುಂದೆ ಹೋಗಿಬಿಟ್ಟ.

ಒಂಟಿಯಾದ ಇನಿಗೊನ ಎದೆಯೊಳಗೆ ಕುದಿತ ಶುರುವಾಯಿತು. ದೇವಮಾತೆಯ ಮಾನ ಕಾಯಬೇಕಾದಲ್ಲಿ ಕಾಯದೆ ಹೋದೆನಲ್ಲ ಎಂಬ ಚಡಪಡಿಕೆ. ಹಿಂಬಾಲಿಸಿ ಹೋಗಿ ಅವನನ್ನು ಕಠಾರಿಯಿಂದ ತಿವಿದುಬಿಡಬೇಕೆಂಬ ಆಸೆ. ಅದು ಸರಿಯೇ ಎಂಬ ಅನುಮಾನ. ತೊಳಲಾಡಿ ತೊಳಲಾಡಿ, ಬಗೆಹರಿಯದೆ, ಲಗಾಮು ಸಡಿಲ ಬಿಟ್ಟ. ದಾರಿ ಕವಲೊಡೆಯುವಲ್ಲಿ ಹೇಸರಗತ್ತೆ ಮೂರ್ ಹೋದ ಹಳ್ಳಿಯ ಕಡೆ ತಿರುಗಿದರೆ ತಿವಿಯುವುದು, ಹೆದ್ದಾರಿಯಲ್ಲೇ ಹೋದರೆ ಬಿಟ್ಟುಬಿಡುವುದು. ಹಳ್ಳಿ ಮೂವತ್ತು ನಲವತ್ತು ಹೆಜ್ಜೆಯಷ್ಟೇ ದೂರ. ಅದರ ದಾರಿಯೂ ಅಗಲ, ಸಲೀಸು. ಆದರೂ ಪ್ರಾಣಿ ಹೆದ್ದಾರಿಯನ್ನೇ ಹಿಡಿಯಿತು.

ಇದನ್ನು ಓದಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಬೆನ್ನಹುರಿ ತಣ್ಣಗಾಯಿತು. ಕುರ್‌ಆನಿನ 19ನೆಯ ಅಧ್ಯಾಯಕ್ಕೆ ಹಜ್ರತ್ ಮರಿಯಮರ ಹೆಸರೇ ಇದೆ. ಆ ದಾರಿಯಲ್ಲಿ ಮುಕ್ಕಾಲು ಪಾಲು ಒಪ್ಪಿಗೆಯಿತ್ತು, ಕಾಲು ಪಾಲು ಭಿನ್ನಾಭಿಪ್ರಾಯ. ಕಠಾರಿಗೆ ಆ ಕಾಲು ಪಾಲೇ ಸಾಕಾಗಿತ್ತು. ಕಾಲವೂ ಅಂಥದ್ದೇ. 1492ರಲ್ಲಿ ಗ್ರನಾಡ ಬಿದ್ದಿತ್ತು. 1609ರಿಂದ ದೊರೆ ಮೂರನೆಯ ಫಿಲಿಪ್, ಮತಾಂತರವಾದ ಮುಸಲ್ಮಾನರ ವಂಶಸ್ಥರನ್ನೂ ದೇಶದಿಂದ ಹೊರಹಾಕಿದ. ಆತನಿಗೆ ಇನಿಗೊನ ಅನುಮಾನದ ಒಂದು ಪಾಲೂ ಇದ್ದಂತಿಲ್ಲ.

ದಿನನಿತ್ಯದ ಬದುಕಿನಲ್ಲಿ ದೇವರ ದನಿಗೆ ಕಿವಿಗೊಡುವ ಬಗ್ಗೆ ಕ್ಯಾಥೊಲಿಕರು ಬಹಳ ಬರೆದಿದ್ದಾರೆ. ಹಲವು ಪುಸ್ತಕಗಳಲ್ಲಿ ಮೆತ್ತನೆಯ ಮಾತೇ ಹೆಚ್ಚು: ಮೌನ, ಮುಂಜಾವು, ಹಕ್ಕಿಯ ಉಲಿ. ಅದು ಸುಳ್ಳೆಂದು ನಾನು ಹೇಳಲಾರೆ. ಆದರೆ ಈ ವಿಷಯವನ್ನು ಹೇಸರಗತ್ತೆಯಿಂದ ಶುರುಮಾಡುವುದೇ ಪ್ರಾಮಾಣಿಕ ಅನ್ನಿಸುತ್ತದೆ. ಏಕೆಂದರೆ ಕಠಾರಿ ಎತ್ತು ಎಂದ ದನಿ ಭಕ್ತಿಯ ಬಟ್ಟೆ ತೊಟ್ಟೇ ಬಂದಿತ್ತು. ದೇವರು ಮಾತಾಡುತ್ತಾನೋ ಇಲ್ಲವೋ ಎಂಬುದು ಆಸ್ತಿಕ ನಾಸ್ತಿಕರ ಜಗಳ. ಆಸ್ತಿಕನ ಸ್ವಂತ ಕಷ್ಟ ಬೇರೆಯದು: ಕೇಳಿಸಿದ್ದು ಅವನ ದನಿಯೋ, ನನ್ನ ಸಿಟ್ಟಿನ ದನಿಯೋ?

ಇಗ್ನೇಷಿಯಸ್ ಉಳಿದ ಆಯುಷ್ಯವನ್ನು ಈ ಪ್ರಶ್ನೆಗೆ ಕೊಟ್ಟನೆನ್ನಬಹುದು. ಅದರ ಬೀಜ ಹಾಸಿಗೆಯಲ್ಲೇ ಬಿದ್ದಿತ್ತು. ವೀರಯೋಧರ ಪ್ರೇಮಕಥೆ ಬೇಕೆಂದು ಕೇಳಿದರೆ ಮನೆಯಲ್ಲಿದ್ದದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ಶೌರ್ಯದ ಹಗಲುಗನಸು ಕಾಣುವಾಗ ಹಿತವಾಗಿರುತ್ತಿತ್ತು, ಮುಗಿದ ಮೇಲೆ ಬಾಯಿ ಒಣಗಿದಂತೆ. ಸಂತರಂತೆ ಬದುಕುವ ಯೋಚನೆ ಮುಗಿದ ಮೇಲೂ ತಂಪು ಉಳಿಯುತ್ತಿತ್ತು. ಯೋಚನೆ ಬಂದಾಗ ಹೇಗಿತ್ತು ಎಂಬುದಲ್ಲ, ಹೋದ ಮೇಲೆ ಏನು ಬಿಟ್ಟು ಹೋಯಿತು ಎಂಬುದನ್ನು ಆತ ಗಮನಿಸಿದ. 1548ರಲ್ಲಿ ಅಚ್ಚಾದ ಅವನ ‘ಆಧ್ಯಾತ್ಮಿಕ ಸಾಧನೆ’ ಪುಸ್ತಕದಲ್ಲಿ ಇದು ನಿಯಮಗಳಾಗಿ ಬೆಳೆದಿದೆ. ಕೇಡು ಬೆಳಕಿನ ದೇವದೂತನ ವೇಷದಲ್ಲೂ ಬರುತ್ತದೆ, ಆದ್ದರಿಂದ ಯೋಚನೆಯ ಮೊದಲು, ನಡು, ಕೊನೆ ಮೂರನ್ನೂ ನೋಡು. ಮನಸ್ಸು ಕತ್ತಲಾಗಿರುವಾಗ ಹಿಂದಿನ ನಿರ್ಧಾರ ಬದಲಿಸಬೇಡ. ಕೆಟ್ಟ ಪ್ರೇರಣೆ ಕಳ್ಳ ಪ್ರಿಯಕರನ ಹಾಗೆ ಗುಟ್ಟನ್ನು ಬಯಸುತ್ತದೆ, ಪಾಪನಿವೇದನೆಯ ಗುರುವಿನ ಮುಂದೆ ಅದನ್ನು ಬಾಯಿಬಿಟ್ಟು ಹೇಳು.

ಇವೆಲ್ಲ ಮಠದವರ ಮಾತಾಯಿತು, ಸಂಸಾರಸ್ಥರಿಗೇನು ಎನ್ನಬಹುದು. ಜೆಸ್ಯೂಟರು ಮಧ್ಯಾಹ್ನ ಮತ್ತು ರಾತ್ರಿ ಮಾಡುವ ಆತ್ಮಶೋಧನೆಯನ್ನು ಇಂದು ಎಷ್ಟೋ ಸಾಮಾನ್ಯ ಕ್ಯಾಥೊಲಿಕರೂ ಮಾಡುತ್ತಾರೆ. ದೇವರಿಗೆ ಕೃತಜ್ಞತೆ ಹೇಳಿ, ಬೆಳಕು ಬೇಡಿ, ಗಂಟೆ ಗಂಟೆಯಾಗಿ ದಿನವನ್ನು ತಿರುವಿ ನೋಡಿ, ಕ್ಷಮೆ ಕೇಳಿ, ನಾಳೆಗೆ ಮನಸ್ಸು ಮಾಡುವುದು. ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರು ದಿನವೂ ಹೀಗೆ ಕೂರುವವರು. ‘ದೇವರು ಏನಾದರೂ ಹೇಳಿದನಾ ಟೀಚರೇ?’ ಎಂದು ಒಮ್ಮೆ ಕೇಳಿದೆ. ‘ಇಲ್ಲಪ್ಪ. ಬೆಳಿಗ್ಗೆ ಕೆಲಸದವಳಿಗೆ ನಾನು ಏನು ಹೇಳಿದೆ ಅನ್ನೋದು ಮಾತ್ರ ಸರಿಯಾಗಿ ಕೇಳಿಸಿತು’ ಎಂದರು. ಹದಿನೇಳನೆಯ ಶತಮಾನದ ಪ್ಯಾರಿಸಿನಲ್ಲಿ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸರಿಗೆ ಆ ಕೆಲಸ ಸಹಜವಾಗಿ ಒಗ್ಗುತ್ತಿರಲಿಲ್ಲ. ಆದರೂ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಸಾನ್ನಿಧ್ಯವನ್ನು ರೂಢಿಸಿಕೊಂಡರು. ಟೀಚರೂ ಅದೇ ಕೇರಿಯವರು ಅನ್ನಿಸುತ್ತದೆ.

ಇದು ನಮಗೆ ಹೊಸದಲ್ಲ. 857ರಲ್ಲಿ ತೀರಿಕೊಂಡ ಹಾರಿಸ್ ಅಲ್ ಮುಹಾಸಿಬಿಯವರಿಗೆ ಆ ಹೆಸರು ಬಂದದ್ದೇ ಮುಹಾಸಬದಿಂದ, ಎಂದರೆ ತನ್ನ ಲೆಕ್ಕವನ್ನು ತಾನೇ ಕೇಳಿಕೊಳ್ಳುವುದರಿಂದ. ನಫ್ಸಿನ ಪಿಸುಮಾತನ್ನು ಇಲ್‌ಹಾಮ್ ಎಂದು ಭ್ರಮಿಸುವ ಕಾಯಿಲೆಯೂ ನಮ್ಮಲ್ಲಿ ಹಳೆಯದೇ. ಇಸ್ತಿಖಾರ ನಮಾಜು ಮಾಡಿ ಮಲಗಿ, ಮೊದಲೇ ಮನಸ್ಸಿನಲ್ಲಿದ್ದ ಸಂಬಂಧವನ್ನೇ ಕನಸಿನಲ್ಲಿ ಕಂಡು ಎದ್ದವರು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ.

ಇನ್ನೊಂದು ಕಿವಿ ಬೇಕು ಎಂಬ ಕ್ಯಾಥೊಲಿಕ್ ಎಚ್ಚರಿಕೆಗೆ ನಮ್ಮ ದೇಶದಲ್ಲೇ ಉದಾಹರಣೆಯಿದೆ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿನ ರೈಲಿನಲ್ಲಿ ಮದರ್ ತೆರೇಸಾರಿಗೆ, ಬಡವರ ನಡುವೆ ಹೋಗಿ ಬದುಕು ಎಂಬ ಕರೆ ಕೇಳಿಸಿತು. ಅವರು ಮರುದಿನವೇ ಹೊರಡಲಿಲ್ಲ, ಹೊರಡಲು ಬಿಡಲೂ ಇಲ್ಲ. ಗುರುಗಳಿಗೆ ಹೇಳಿ, ಕಲ್ಕತ್ತೆಯ ಆರ್ಚ್‌ಬಿಷಪ್ಪರ ಪರೀಕ್ಷೆಗೆ ಒಳಗಾಗಿ, ಲೊರೆಟೊ ಕಾನ್ವೆಂಟಿನಿಂದ ಹೊರಗೆ ಕಾಲಿಟ್ಟದ್ದು 1948ರಲ್ಲಿ. ಆಮೇಲಿನದು ಇನ್ನೂ ವಿಚಿತ್ರ. 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ತಿಳಿಯುವುದೇನೆಂದರೆ, ಕೆಲಸ ಶುರುವಾದ ಮೇಲೆ ಆ ದನಿ ಹೆಚ್ಚುಕಡಿಮೆ ನಿಂತೇ ಹೋಯಿತು. ದಶಕಗಳ ಕಾಲ ಪ್ರಾರ್ಥನೆಯಲ್ಲಿ ಖಾಲಿತನ. ಆದರೂ ಬೆಳಗಾದರೆ ಮುಂದಿನ ರೋಗಿಯ ಹಾಸಿಗೆಯ ಬಳಿ ಹೋಗುವುದು ನಿಲ್ಲಲಿಲ್ಲ. ಅವರ ಸಂಸ್ಥೆಯ ಬಗ್ಗೆ ಟೀಕೆಗಳಿವೆ, ಅವನ್ನು ತಳ್ಳಿಹಾಕಬೇಕಿಲ್ಲ. ಆದರೆ ದೇವರು ನನ್ನೊಡನೆ ದಿನವೂ ಮಾತಾಡುತ್ತಾನೆ ಎಂದು ಮೈಕಿನಲ್ಲಿ ಸಾರುವವರಿಗಿಂತ ಈ ಕೇಳಿಸದ ಕಿವಿಯೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಹಾಗೆಂದು ಹೊರಗಿನ ಕಿವಿಯೇನು ಯಾವಾಗಲೂ ಚುರುಕಲ್ಲ. ತನಗೆ ದಿವ್ಯ ದನಿಗಳು ಕೇಳಿಸುತ್ತವೆಂದ ಜೋನ್ ಆಫ್ ಆರ್ಕ್‌ಳನ್ನು 1431ರಲ್ಲಿ ಸುಡುವಂತಾದದ್ದು ಚರ್ಚಿನ ನ್ಯಾಯಾಲಯದಿಂದಲೇ. 1456ರಲ್ಲಿ ಆ ತೀರ್ಪು ರದ್ದಾಯಿತು, 1920ರಲ್ಲಿ ಅದೇ ಚರ್ಚು ಆಕೆಯನ್ನು ಸಂತಳೆಂದಿತು. ಗುರುವೂ ತಪ್ಪಬಹುದು, ಸಭೆಯೂ ತಪ್ಪಬಹುದು. ಇಗ್ನೇಷಿಯಸ್ಸಿನ ನಿಯಮಗಳಿಗೆ ನಾನು ನನ್ನ ಕಡೆಯಿಂದ ಒಂದನ್ನು ಸೇರಿಸುವುದಾದರೆ, ನನಗೆ ಕೇಳಿಸಿದ ದನಿಯ ಪೆಟ್ಟು ಯಾರಿಗೆ ಬೀಳುತ್ತದೋ ಅವನನ್ನೂ ಕೇಳಬೇಕು. ಗುರುವಿಗಿಂತ ಮೊದಲು ಅವನನ್ನು. ಹೇಸರಗತ್ತೆಯನ್ನು ಕೇಳಿದ ಇನಿಗೊ, ಅಷ್ಟು ದೂರ ಜೊತೆಗೆ ಬಂದ ಮನುಷ್ಯನನ್ನು ಬಿಟ್ಟುಬಿಟ್ಟಿದ್ದ.

1553ರಿಂದ 1555ರ ನಡುವೆ ರೋಮಿನಲ್ಲಿ, ಯೇಸುಸಭೆಯ ಮುಖ್ಯಸ್ಥನಾಗಿದ್ದ ಇಗ್ನೇಷಿಯಸ್ ತನ್ನ ಕಥೆಯನ್ನು ಗೊನ್ಸಾಲ್ವಿಸ್ ದ ಕಾಮರ ಎಂಬ ಪೋರ್ಚುಗೀಸ್ ಪಾದ್ರಿಗೆ ಹೇಳಿದ. ತನ್ನನ್ನು ‘ಯಾತ್ರಿಕ’ ಎಂದೇ ಕರೆದುಕೊಂಡ. ಈ ಪ್ರಸಂಗವನ್ನು ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತನ್ನ ಆತ್ಮ ಆಗಿನ್ನೂ ಕುರುಡಾಗಿತ್ತು ಎಂದು ತೋರಿಸಲಿಕ್ಕೇ ಅದನ್ನು ಹೇಳಿದ. ಮೂರ್‌ನ ಹೆಸರು ಅಲ್ಲಿಲ್ಲ. ಆತ ಹಳ್ಳಿ ಮುಟ್ಟಿ, ಪ್ರಾಣಿಗೆ ನೀರು ಕುಡಿಸಿ, ದಾರಿಯಲ್ಲಿ ಸಿಕ್ಕ ಹಟಮಾರಿ ಕ್ರೈಸ್ತನೊಬ್ಬನ ಬಗ್ಗೆ ಅಲ್ಲಿದ್ದವರೊಡನೆ ನಗುತ್ತ ಹೇಳಿಕೊಂಡಿರಬಹುದು.